ಹೆಬ್ಬೆಟ್ಟಿನ ಒಪ್ಪಿಗೆ

ಸಿಡಿಲು ಮಲ್ಲಿಕಾರ್ಜುನನ ಬೆಟ್ಟದಡಿಯ ಬೆಟ್ಟದಪುರದಿಂದ ಮೈಸೂರಿನ ಯಾವುದೋ ಆಸ್ಪತ್ರೆಗೆ ಹೊರಟ ರೋಗಿ, ಬೇನೆಯ ಜೊತೆಗೆ ಹಳೆಯ ಚೀಟಿಗಳ ಕಟ್ಟನ್ನೂ ಒಯ್ಯುತ್ತಾನೆ. ಅಲ್ಲಿ ಮುಂದಿಟ್ಟ ಕಾಗದಕ್ಕೆ ಓದದೆಯೇ ಹೆಬ್ಬೆಟ್ಟನ್ನೊತ್ತುತ್ತಾನೆ. ಆತ ಒಪ್ಪಿದ್ದು ಯಾವುದಕ್ಕೆ? ಶಸ್ತ್ರಚಿಕಿತ್ಸೆಗೋ, ತನ್ನ ರೋಗದ ವೃತ್ತಾಂತ ಪರರ ಕೈ ಸೇರುವುದಕ್ಕೋ?

ಇವೆರಡೂ ಬೇರೆ ಬೇರೆ ಎಂದು ಕಾನೂನು ಈಗ ಒಪ್ಪಿದೆ. ಅದಕ್ಕೆ ಹಾದಿ ತೆರೆದವರಲ್ಲಿ ಕನ್ನಡನಾಡಿನ ಹಿರಿಯರೊಬ್ಬರುಂಟು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಬಂದಿತು. ಅದರಲ್ಲೊಂದು ಸೊಗಸಾದ ನಿದರ್ಶನವಿದೆ. ಫೋನಿನಲ್ಲೇ ವೈದ್ಯಸಲಹೆ ನೀಡುವ ಆಪ್ ಒಂದು ಪರಿಚಿತರ ನಂಬರುಗಳ ಪಟ್ಟಿಯನ್ನೂ ಕೇಳುತ್ತದೆ. ರೋಗಿ ಎರಡಕ್ಕೂ ಹೂಂ ಎನ್ನುತ್ತಾನೆ. ಆದರೂ ಒಪ್ಪಿಗೆ ಸಲ್ಲುವುದು ಸಲಹೆಗೆ ಮಾತ್ರ. ಮದ್ದಿಗೂ ನೆಂಟರ ನಂಬರಿಗೂ ಏನು ನಂಟು! ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂದೆಗೆಯಲೂಬಹುದು. ಪ್ರಾಣಾಪಾಯದ ವೇಳೆ ಒಪ್ಪಿಗೆಗಾಗಿ ಕಾಯಬೇಕಿಲ್ಲ. ಗಣಕಕ್ಕೇರದೆ ಕಾಗದದಲ್ಲೇ ಉಳಿದ ದಾಖಲೆಗೆ ಮಾತ್ರ ಈ ಅಧಿನಿಯಮ ತಗಲುವುದಿಲ್ಲ.

ಒಪ್ಪಿಗೆ ಕೇಳುವ ತಿಳಿವಳಿಕೆಯನ್ನು ಕನ್ನಡದಲ್ಲಿ ಪಡೆಯುವ ಅವಕಾಶವೂ ಇರತಕ್ಕದ್ದು. ಓದಬಾರದವನಿಗೆ ಅದನ್ನು ಓದಿ ಹೇಳುವವರಾರು ಎಂಬುದೇ ಉಳಿದ ಪ್ರಶ್ನೆ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಒಪ್ಪಿಗೆಯ ವಿಧಿಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಗಡುವು. ಆದರೆ ರೋಗಿ ತನ್ನ ದಾಖಲೆಯನ್ನು ಕೇಳಿದರೆ ವೈದ್ಯರು 72 ಗಂಟೆಗಳೊಳಗೆ ಒದಗಿಸಬೇಕೆಂಬ ನಿಯಮ 2002ರಷ್ಟು ಹಳೆಯದು.