‘ಅದು’ ಅಲ್ಲ, ‘ಅವರು’: ಶಾಸ್ತ್ರದ ‘ನಪುಂಸಕವೇದ’ ಮತ್ತು ನಮ್ಮ ಮಾತು

ಸವದತ್ತಿ ಸೀಮೆಯ ಮನೋಳಿಯ ಜನರಿಗೆ ಜೋಗಪ್ಪಂದಿರು ಹೊಸಬರಲ್ಲ. ಎಲ್ಲಮ್ಮನ ಗುಡ್ಡ ಹತ್ತಿರದಲ್ಲೇ ಇದೆ. ತಲೆಯ ಮೇಲೆ ದೇವಿಯ ಕೊಡ ಹೊತ್ತು, ಚೌಡಿಕೆ ನುಡಿಸುತ್ತ ಬರುವ ಜೋಗಪ್ಪನಿಗೆ ಜನ ಕೈಮುಗಿಯುತ್ತಾರೆ. ಅದೇ ವ್ಯಕ್ತಿ ಕೊಡ ಇಳಿಸಿ ಬಸ್ಸು ಹತ್ತಿದರೆ ‘ಚಕ್ಕಾ’ ಎಂಬ ಅಣಕದ ಮಾತು ಕೇಳಬೇಕಾದೀತು. ಮನುಷ್ಯ ಬದಲಾಗಲಿಲ್ಲ, ಕರೆಯುವ ಹೆಸರು ಬದಲಾಯಿತು, ಅದರೊಂದಿಗೆ ನಮ್ಮ ನಡವಳಿಕೆಯೂ ಬದಲಾಯಿತು.

ತೊಟ್ಟಿಲ ಕೂಸಿಗೆ ‘ಅದು ಮಲಗಿದೆ’ ಎನ್ನುವುದು ಮುದ್ದು. ಬೆಳೆದವರಿಗೆ ‘ಅದು ಬಂತು’ ಎನ್ನುವುದು ಅವಮಾನ. ‘ನಪುಂಸಕ’ ಎಂಬ ಪದವಂತೂ ಇಂದು ಹೇಡಿ, ಕೈಲಾಗದವ ಎಂಬ ಬೈಗುಳವೇ ಆಗಿದೆ.

ಜೈನ ಸಿದ್ಧಾಂತದಲ್ಲಿ ಈ ಪದದ ಸ್ಥಾನ ಬೇರೆ. ಚಾರಿತ್ರ ಮೋಹನೀಯ ಕರ್ಮದಲ್ಲಿ ಒಂಬತ್ತು ನೋಕಷಾಯಗಳಿವೆ: ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ, ಸ್ತ್ರೀವೇದ, ಪುರುಷವೇದ, ನಪುಂಸಕವೇದ. ಮೂರು ವೇದಗಳೂ ಕರ್ಮದ ಉದಯವೇ ಹೊರತು ಯಾವುದೂ ಆತ್ಮದ ಸ್ವರೂಪವಲ್ಲ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಇನ್ನೂ ಸೂಕ್ಷ್ಮವಾಗಿ ವಿವರಿಸುತ್ತಾರೆ. ದೇಹದ ಲಿಂಗ ನಾಮಕರ್ಮದಿಂದ ಬರುವ ದ್ರವ್ಯವೇದ. ಒಳಗಿನ ಭಾವ ವೇದಕರ್ಮದಿಂದ ಬರುವ ಭಾವವೇದ. ಇವೆರಡೂ ಸಾಮಾನ್ಯವಾಗಿ ಹೊಂದುತ್ತವೆ, ಕೆಲವೊಮ್ಮೆ ಹೊಂದುವುದಿಲ್ಲ. ಸಾವಿರ ವರ್ಷಗಳ ಹಿಂದೆಯೇ ಶ್ರವಣಬೆಳಗೊಳದ ಪರಂಪರೆ ಇದನ್ನು ಬೈಗುಳವಿಲ್ಲದೆ ಹೇಳಿತ್ತು.

ಹಾಗೆಂದು ಶಾಸ್ತ್ರ ನಪುಂಸಕವೇದವನ್ನು ಹೊಗಳಿಲ್ಲ. ಇಟ್ಟಿಗೆ ಭಟ್ಟಿಯ ಬೆಂಕಿಗೆ ಹೋಲಿಸಿದೆ. ಆದರೆ ಪುರುಷವೇದವನ್ನು ಹುಲ್ಲಿನ ಬೆಂಕಿಗೆ, ಸ್ತ್ರೀವೇದವನ್ನು ಕುರುಳಿನ ಬೆಂಕಿಗೆ ಹೋಲಿಸಿದೆ. ಮೂರೂ ಬೆಂಕಿಯೇ. ಅದೇ ಪಟ್ಟಿಯಲ್ಲಿ ಜುಗುಪ್ಸೆಯೂ ಇದೆ ಎಂಬುದನ್ನು ನಾವು ಮರೆಯುತ್ತೇವೆ. ಇನ್ನೊಬ್ಬರನ್ನು ಕಂಡು ಮುಖ ಸಿಂಡರಿಸುವವರಲ್ಲೂ ಕರ್ಮವೇ ಉದಯಕ್ಕೆ ಬಂದಿದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಜುಗುಪ್ಸೆಪಡದಿರುವ ನಿರ್ವಿಚಿಕಿತ್ಸೆಯೂ ಒಂದು.

ಪದದ ಪೆಟ್ಟು ಕಾನೂನಿನಲ್ಲೂ ಕಂಡಿದೆ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ 36ಎ ಕಲಂ ‘ಯೂನಕ್’ ಎಂಬ ಪದ ಬಳಸಿ, ಸಂಶಯದ ಮೇಲೆ ಇವರ ಹೆಸರುಗಳ ವಹಿ ಇಡಲು ಅವಕಾಶ ಕೊಟ್ಟಿತ್ತು. ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ ಆ ಪದವನ್ನು ತೆಗೆಯಲಾಯಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತೃತೀಯ ಲಿಂಗವನ್ನು ಮಾನ್ಯ ಮಾಡಿ, ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಗೇ ಸೇರಿದ್ದೆಂದಿತು. ಆ ತೀರ್ಪಿನಲ್ಲಿ ಎಲ್ಲಮ್ಮನ ಜೋಗಪ್ಪಂದಿರ ಉಲ್ಲೇಖವೂ ಇದೆ.

ನಮ್ಮ ಹೊಣೆ ಮನೆಯಿಂದ ಶುರುವಾಗುತ್ತದೆ. ಭಾವ ಬೇರೆಯಾಗಿರುವ ಮಗ ಅಥವಾ ಮಗಳು ಈ ಪದಗಳನ್ನು ಮೊದಲು ಕೇಳುವುದು ಬೀದಿಯಲ್ಲೇ ಎಂದೇನಿಲ್ಲ. ಟಿವಿ ನೋಡುತ್ತ ಹಿರಿಯರು ಆಡಿದ ನಗೆಮಾತಿನಲ್ಲೂ ಇರಬಹುದು. ಒಮ್ಮೆ ಕೇಳಿದ ಮೇಲೆ ಆ ಮಗು ತನ್ನ ಮನಸ್ಸಿನ ಮಾತನ್ನು ನಮ್ಮ ಮುಂದೆ ಹೇಗೆ ಹೇಳೀತು?

ಕನ್ನಡದಲ್ಲಿ ‘ಅವರು’, ‘ನೀವು’ ಎಂಬ ಪದಗಳಿವೆ. ಇವುಗಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲ, ಗೌರವ ಮಾತ್ರ ಇದೆ. ಅವರು ಹೇಳಿದ ಹೆಸರಿನಿಂದ ಅವರನ್ನು ಕರೆಯೋಣ. ಹಿತಮಿತವಾಗಿ ಆಡಬೇಕೆಂಬ ಮಾತಿನ ಸಂಯಮ ನಮಗೆ ಕಲಿಸುವುದೂ ಇದನ್ನೇ.