ಎರಡು ಗೀರು, ಒಂದು ಬಿಲ್ಲು

ಹೋದ ದೀಪಾವಳಿಗೆ ಊರಿಗೆ ಬಂದಿದ್ದೆ. ಹುನಗುಂದ ತಾಲ್ಲೂಕಿನ ರಾಮಥಾಳ ನಮ್ಮೂರು. ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಫೋನಿಗೆ ಮೆಸೇಜ್ ಬಂತು. ಕ್ರೆಡಿಟ್ ಕಾರ್ಡಿನಿಂದ 640 ಯೂರೋ ಕಡಿತ! ಬ್ಯಾಂಕಿನ ವಿದೇಶಿ ಶುಲ್ಕ ಸೇರಿ ಹತ್ತಿರ ಹತ್ತಿರ 60 ಸಾವಿರ ರೂಪಾಯಿ. ತಂಗಿಯ ಕಾಲೇಜು ಫೀಸಿಗೆ ಅಂತ ತೆಗೆದಿಟ್ಟ ದುಡ್ಡು ಕೂಡ ಅಷ್ಟೇ ಇತ್ತು.

ಮೂರು ವಾರದ ಹಿಂದೆ ಆಫೀಸ್ ಕೆಲಸಕ್ಕೆ ಜರ್ಮನಿಯ ಮ್ಯೂನಿಕ್‌ಗೆ ಹೋಗಿದ್ದೆ. ವೀಕೆಂಡ್‌ಗೆ ಕಾರು ಬಾಡಿಗೆ ತಗೊಂಡು ಆಲ್ಪ್ಸ್ ಕಡೆ ಸುತ್ತಾಡಿ, ಭಾನುವಾರ ರಾತ್ರಿ ವಾಪಸ್ ತಂದು ನಿಲ್ಲಿಸಿದೆ. ಆಫೀಸು ಮುಚ್ಚಿತ್ತು. ಕೀಲಿಯನ್ನು ಅಲ್ಲಿದ್ದ ಡಬ್ಬಿಗೆ ಹಾಕಿ ಏರ್‌ಪೋರ್ಟಿಗೆ ಓಡಿದೆ. ನನ್ನ ತಪ್ಪು ಅದೇ. ಕೀಲಿ ಡಬ್ಬಿಗೆ ಬಿದ್ದರೂ, ಅವರು ಬಂದು ಕಾರು ನೋಡುವ ತನಕ ಜವಾಬ್ದಾರಿ ನಮ್ಮದೇ ಅಂತ ಕರಾರಿನಲ್ಲಿ ಬರೆದಿತ್ತು. ನಾನು ಓದಿರಲಿಲ್ಲ.

ಮೇಲ್ ತೆಗೆದು ನೋಡಿದರೆ ಲೆಕ್ಕ ಹೀಗಿತ್ತು: ಹಿಂದಿನ ಬಂಪರ್ ಗೀರಿಗೆ 430, ಚಕ್ರದ ರಿಮ್‌ಗೆ 150, ಆಡಳಿತ ಶುಲ್ಕ 60.

ಸಿಟ್ಟಿನಲ್ಲಿ ಬ್ಯಾಂಕ್ ಆ್ಯಪ್ ತೆಗೆದು ‘ಈ ವ್ಯವಹಾರ ನಾನು ಮಾಡಿಲ್ಲ’ ಅಂತ ಒತ್ತಲು ಹೊರಟಿದ್ದೆ. ಅಪ್ಪ ಕೇಳಿದರು: “ತಮ್ಮಾ, ಎರಡೂ ಸುಳ್ಳೇನು?”

ಸುಮ್ಮನಾದೆ. ರಿಮ್ ಉಜ್ಜಿದ್ದು ನಾನೇ. ಪಾರ್ಕಿಂಗ್‌ನಲ್ಲಿ ತಿರುಗಿಸುವಾಗ ‘ಕರ್’ ಅಂದಿದ್ದು ಇನ್ನೂ ಕಿವಿಯಲ್ಲಿತ್ತು. ಬಂಪರ್ ಗೀರು ಮಾತ್ರ ಖಂಡಿತ ನನ್ನದಲ್ಲ.

“ಹಂಗಾರ ನಿಂದು ನೀ ಒಪ್ಪಿಕೋ. ಒಂದು ಒಪ್ಪಿಕೊಂಡ್ರ ಇನ್ನೊಂದು ಮಾತು ನಂಬತಾರ,” ಅಂದರು.

ಪುಣ್ಯಕ್ಕೆ ಕಾರು ತಗೊಳ್ಳುವಾಗ ಸುತ್ತಲೂ ವಿಡಿಯೋ ಮಾಡಿದ್ದೆ. ನಿಲ್ಲಿಸಿ ನಿಲ್ಲಿಸಿ ನೋಡಿದೆ. 40ನೇ ಸೆಕೆಂಡಿನಲ್ಲಿ ಆ ಗೀರು ಕಾಣಿಸಿತು. ಆದರೆ ಕಾರು ಕೊಡುವಾಗ ಅವರು ಬರೆದ ಫಾರ್ಮ್‌ನಲ್ಲಿ ಅದು ಇರಲಿಲ್ಲ. ನಾನೂ ನೋಡದೆ ಸಹಿ ಹಾಕಿದ್ದೆ.

ಅಂದು ರಾತ್ರಿಯೇ ಮೇಲ್ ಬರೆದೆ. ರಿಮ್ ನನ್ನದು, ಕೊಡುತ್ತೇನೆ. ಬಂಪರ್ ಹಳೆಯದು, ವಿಡಿಯೋ ಇಲ್ಲಿದೆ. ನಿಮ್ಮ ತಪಾಸಣೆಯ ದಿನಾಂಕ ಇರುವ ಫೋಟೋ, ರಿಪೇರಿ ಅಂದಾಜು ಪಟ್ಟಿ ಕಳಿಸಿ. ಇಷ್ಟೇ. ಬೈಗುಳ ಇಲ್ಲ, ಕಥೆಯೂ ಇಲ್ಲ.

ಇನ್ನೊಂದು ಮಾತನ್ನೂ ಸೇರಿಸಿದೆ. ಯುರೋಪಿಯನ್ ಕಮಿಷನ್ ಜೊತೆ ಮಾತುಕತೆಯಾಗಿ, ಅಲ್ಲಿನ ಐದು ದೊಡ್ಡ ಬಾಡಿಗೆ ಕಾರ್ ಕಂಪನಿಗಳು ಡ್ಯಾಮೇಜಿಗೆ ಪುರಾವೆ ಕೊಟ್ಟು, ಹಣ ಕಡಿಯುವ ಮೊದಲೇ ಗ್ರಾಹಕರಿಗೆ ಪ್ರಶ್ನಿಸಲು ಅವಕಾಶ ಕೊಡಲು ಒಪ್ಪಿದ್ದವು. ಕಮಿಷನ್ ಇದನ್ನು 2017ರ ಜನವರಿಯಲ್ಲಿ ಪ್ರಕಟಿಸಿತು. ನಾನು ಕಾರು ತಗೊಂಡ ಕಂಪನಿ ಆ ಐದರಲ್ಲಿ ಇರಲಿಲ್ಲ. ಆದರೂ ನನಗೂ ಅದೇ ಪದ್ಧತಿ ಅನ್ವಯಿಸಿ ಅಂತ ಕೇಳಿದೆ. ಕೇಳುವುದರಲ್ಲಿ ತಪ್ಪೇನು?

ಅಲ್ಲಿನ ಯುರೋಪಿಯನ್ ಗ್ರಾಹಕ ಕೇಂದ್ರಗಳು ಅಲ್ಲೇ ವಾಸ ಇರುವವರಿಗೆ. ಹೋಗಿ ಬರುವ ನಮ್ಮಂಥವರಿಗೆ ಉಳಿಯುವ ದೊಡ್ಡ ಆಸರೆ ಕಾರ್ಡ್ ಕೊಟ್ಟ ಬ್ಯಾಂಕು. ಅಲ್ಲಿಗೂ ‘ಮೊತ್ತದ ಬಗ್ಗೆ ತಕರಾರು’ ಅಂತ ದೂರು ಕೊಟ್ಟೆ, ‘ವಂಚನೆ’ ಅಂತಲ್ಲ. ಡ್ಯಾಮೇಜ್ ಆದರೆ ಕಾರ್ಡಿನಿಂದ ಕಡಿಯಬಹುದು ಅಂತ ಸಹಿ ಹಾಕಿದವರು ನಾವೇ ಅಲ್ಲವೇ? ವಂಚನೆ ಅಂದರೆ ಆ ಸಹಿ ತೋರಿಸಿ ದೂರು ಮುಚ್ಚಿಬಿಡುತ್ತಾರೆ. ಇಂಥ ತಕರಾರಿಗೆ ಗಡುವು ಇರುತ್ತದೆ, ತಡ ಮಾಡಬೇಡಿ. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಫೀಸಿಲ್ಲ.

ಮೊದಲ ಎರಡು ಮೇಲ್‌ಗೆ ಸಿದ್ಧ ಉತ್ತರ ಬಂತು. ಮೂರನೆಯದಕ್ಕೆ ಮನುಷ್ಯರೊಬ್ಬರು ಬರೆದರು. ಐದು ವಾರದ ಮೇಲೆ ಬಂಪರಿನ 430 ಯೂರೋ ವಾಪಸ್ ಬಂತು. ಬ್ಯಾಂಕಿನ ದೂರನ್ನು ನಾನೇ ಹಿಂತೆಗೆದುಕೊಂಡೆ. ಆಡಳಿತ ಶುಲ್ಕ ಬಿಡಲಿಲ್ಲ, ಬ್ಯಾಂಕಿನ ವಿದೇಶಿ ಶುಲ್ಕವೂ ಹೋಯಿತು. ತಂಗಿಯ ಫೀಸು ಒಂದು ತಿಂಗಳು ತಡವಾಯಿತು. ಅಷ್ಟರಲ್ಲಿ ಮುಗಿಯಿತಲ್ಲ ಅಂದುಕೊಂಡೆ.

ನೀವು ಹೊರಡುವ ಮುಂಚೆ ಇಷ್ಟು ನೆನಪಿಡಿ. ಕಾರು ತಗೊಳ್ಳುವಾಗ, ಕೊಡುವಾಗ ಎರಡೂ ಸಲ ವಿಡಿಯೋ ಮಾಡಿ. ರಿಮ್, ಗಾಜು, ಬಂಪರಿನ ಕೆಳಭಾಗ ಬಿಡಬೇಡಿ. ಹಳೆಯ ಗೀರು ಫಾರ್ಮ್‌ನಲ್ಲಿ ಇಲ್ಲದಿದ್ದರೆ ಬರೆಸಿ, ಆಮೇಲೆ ಸಹಿ ಹಾಕಿ. ಆದಷ್ಟು ಆಫೀಸು ತೆರೆದಿರುವಾಗಲೇ ವಾಪಸ್ ಕೊಟ್ಟು ‘ಸರಿ ಇದೆ’ ಅಂತ ಬರಹದಲ್ಲಿ ತಗೊಳ್ಳಿ. ಇನ್ಶೂರೆನ್ಸ್ ಇದ್ದರೂ ಮೊದಲ ಇಷ್ಟು ಮೊತ್ತ ನಿಮ್ಮದೇ ಅಂತ ಇರುತ್ತದೆ, ಅದೆಷ್ಟು ಅಂತ ಕೇಳಿ.

ದುಡ್ಡು ಬಂದ ವಿಷಯ ಹೇಳಲು ಫೋನ್ ಮಾಡಿದೆ. ಅಪ್ಪ ಹೊಲದಲ್ಲಿದ್ದರು. ಕಡಲೆ ಬಿತ್ತಲು ನಮ್ಮ ಕೂರಿಗಿ ಬಾಡಿಗೆಗೆ ಒಯ್ದವರು ಆಗಷ್ಟೇ ತಂದಿದ್ದರಂತೆ.

“ನಿಂದು ಆಮ್ಯಾಲ ಕೇಳತೀನಿ ತಮ್ಮಾ. ಹೊತ್ತು ಮುಳುಗೂದ್ರೊಳಗ ಇಬ್ರೂ ನಿಂತು ಇದನ್ನ ನೋಡಿ ಇಳಿಸ್ಕೋಬೇಕು.”