ಬಿಟ್ಟಿ ಸಿಗೋ ಹೊಟ್ಟಿನ ಬೂದಿ: ಹೊಲಕ್ಕೆ ಹೊಡೆಯೋ ಮುಂಚೆ ಓದಿ

ಎರಡು ವರ್ಷದ ಹಿಂದೆ ಕುರುಗೋಡು ಕಡೆಯ ನಮ್ಮ ಮೆಣಸಿನಕಾಯಿ ಹೊಲಕ್ಕೆ ಐದು ಟ್ರಾಲಿ ಭತ್ತದ ಹೊಟ್ಟಿನ ಬೂದಿ ಹೊಡಿಸಿದೆ. ಸಿರುಗುಪ್ಪ ಕಡೆಯ ಒಂದು ಮಿಲ್ಲಿನವರು ಬಿಟ್ಟಿ ಕೊಟ್ಟಿದ್ದರು, ಟ್ರ್ಯಾಕ್ಟರ್ ಬಾಡಿಗೆ ಮಾತ್ರ ನಮ್ಮದು. "ಗೊಬ್ಬರ ಇದ್ದಂಗ ಐತಿ ಅಳಿಯಾ, ತುಂಬಿಸ್ಕೊಂಡು ಬಾ" ಅಂದಿದ್ದು ನಮ್ಮ ಮಾವ. ಒಂದು ಮೂಲೆಗೆ ಎರಡು ಟ್ರಾಲಿ ಹರಡಿದೆ, ಉಳಿದದ್ದು ಬದುವಿನ ಮೇಲೆ ರಾಶಿ ಬಿತ್ತು.

ಗಾಳಿ ಎದ್ದ ಮೇಲೆ ಶುರುವಾಯ್ತು ನೋಡಿ. ಪಕ್ಕದ ಹೊಲದ ಎಲೆಗಳೆಲ್ಲ ಕರ್ರಗೆ, ಕಳೆ ತೆಗೆಯೋಕೆ ಬಂದ ಹೆಣ್ಮಕ್ಕಳ ಕಣ್ಣು ಕೆಂಪು. ಆ ಹೊಲದ ಅಣ್ಣಾವ್ರು ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಬೂದಿ ಹರಡಿದ ಮೂಲೆಯಲ್ಲಿ ಸಸಿ ಹಳದಿ ಬಿದ್ದು ಏಳಲೇ ಇಲ್ಲ.

ಹೊಟ್ಟು ಸುಟ್ಟು ಉಗಿ, ಕರೆಂಟ್ ಮಾಡೋದನ್ನ ಹಸಿರು ಇಂಧನ ಅಂತಾರೆ. ಅದು ಸುಳ್ಳಲ್ಲ. ಸುಟ್ಟಾಗ ಹೊರಬರೋ ಇಂಗಾಲವನ್ನು ಅದೇ ಭತ್ತ ಬೆಳೆಯುವಾಗ ಗಾಳಿಯಿಂದ ಎಳೆದುಕೊಂಡಿರುತ್ತೆ. ಆದರೆ ಬೂದಿಯ ಲೆಕ್ಕ ಯಾರೂ ಹೇಳಲ್ಲ. ಒಂದು ಟನ್ ಭತ್ತಕ್ಕೆ ಸುಮಾರು 200 ಕೆಜಿ ಹೊಟ್ಟು, ಅದನ್ನ ಸುಟ್ಟರೆ ಹತ್ತಿರ ಹತ್ತಿರ 40 ಕೆಜಿ ಬೂದಿ. ಒಂದು ಯೂನಿಟ್ ಕರೆಂಟಿಗೆ ಸುಮಾರು ಒಂದೂವರೆ ಕೆಜಿ ಹೊಟ್ಟು ಬೇಕು ಅಂತ ಇಟ್ಟುಕೊಂಡರೆ, 1 ಮೆಗಾವ್ಯಾಟ್ ಘಟಕ ದಿನವಿಡೀ ಓಡಿದರೆ ದಿನಕ್ಕೆ ಏಳು ಟನ್ ಬೂದಿ! ಕುಡತಿನಿಯ ಕಲ್ಲಿದ್ದಲು ಸ್ಥಾವರದ ಹಾರುಬೂದಿಗೆ ನಾವೆಲ್ಲ ಬೈತೀವಿ, ಇದರ ಬಗ್ಗೆ ಮಾತೇ ಇಲ್ಲ.

ಹೊಟ್ಟಿನ ಬೂದಿಯಲ್ಲಿ 80ರಿಂದ 90 ಪರ್ಸೆಂಟ್ ಸಿಲಿಕಾ. ಬಾಯ್ಲರಿನಲ್ಲಿ ಉರಿ ಹೆಚ್ಚಾದರೆ ಅದರಲ್ಲಿ ಒಂದಿಷ್ಟು ಹರಳು ರೂಪಕ್ಕೆ ತಿರುಗುತ್ತೆ. ಆ ಹರಳಿನ ಪುಡಿ ವರ್ಷಗಟ್ಟಲೆ ಉಸಿರಿಗೆ ಹೋದರೆ ಶ್ವಾಸಕೋಶ ಕೆಡುತ್ತೆ. ಬೂದಿ ತುಂಬೋ ಕೂಲಿಯವರಿಗೆ ಟವೆಲ್ ಸಾಲದು, ಒಳ್ಳೆ ಮಾಸ್ಕ್ ಬೇಕು.

ನಮ್ಮ ಮೂಲೆಯ ಮಣ್ಣನ್ನ ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದೆ. ಉಳಿದ ಹೊಲದಲ್ಲಿ ಪಿಎಚ್ 8.2, ಆ ಮೂಲೆಯಲ್ಲಿ 8.7. ಬಳ್ಳಾರಿ ಎರೆಭೂಮಿ ಮೊದಲೇ ಕ್ಷಾರದ್ದು, ಬೂದಿಯೂ ಕ್ಷಾರದ್ದೇ. ಪಿಎಚ್ ಏರಿದರೆ ಮಣ್ಣಲ್ಲಿ ಕಬ್ಬಿಣ, ಸತು ಇದ್ದರೂ ಬೇರಿಗೆ ಸಿಗಲ್ಲ. ಹಳದಿ ಬಿದ್ದಿದ್ದು ಅದಕ್ಕೇ. ಸಿರುಗುಪ್ಪದ ಕಾಲುವೆ ಕೆಳಗಿನ ಸವಳು ಹೊಲದವರಂತೂ ಟೆಸ್ಟ್ ಮಾಡಿಸದೆ ಒಂದು ಬುಟ್ಟಿನೂ ಹಾಕಬೇಡಿ.

ಹಂಗಂತ ಬೂದಿ ಪೂರ್ತಿ ವಿಷ ಏನಲ್ಲ. ಭತ್ತದ ಸಸಿಮಡಿಗೆ ಅರೆಬೆಂದ ಹೊಟ್ಟಿನ ಕರಿಬೂದಿ ತೆಳ್ಳಗೆ ಹಾಕಿದರೆ ಸಿಲಿಕಾ ಸಿಗುತ್ತೆ, ಕಾಂಡ ಗಟ್ಟಿಯಾಗುತ್ತೆ, ಸಸಿ ಕೀಳೋದೂ ಸಲೀಸು. ಪಿಎಚ್ ಕಡಿಮೆ ಇರೋ ಕೆಂಪು ಮಣ್ಣಿನವರೂ ಸ್ವಲ್ಪ ಬಳಸಬಹುದು. ತರೋದೇ ಆದರೆ ನೀರು ಚಿಮುಕಿಸಿ, ತಾಡಪತ್ರಿ ಹೊದಿಸಿ ತನ್ನಿ. ರಾತ್ರೋರಾತ್ರಿ ಹಳ್ಳಕ್ಕೋ ಕಾಲುವೆಗೋ ಸುರಿಯೋರು ಕಂಡರೆ ಫೋಟೋ, ಲೊಕೇಶನ್ ಸಮೇತ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಿ.

ನಮ್ಮ ಬದುವಿನ ರಾಶಿಯಲ್ಲಿ ಇನ್ನೂ ಒಂದು ಟ್ರಾಲಿ ಉಳಿದಿದೆ. ಸಗಣಿ ಜೊತೆ ಪದರ ಪದರವಾಗಿ ತಿಪ್ಪೆಗೆ ಸೇರಿಸ್ತಾ ಇದ್ದೀನಿ. ಮಾವ ಮೊನ್ನೆ ಫೋನ್ ಮಾಡಿ, ಮಿಲ್ಲಿನವರು ಈ ಸಲ ಟ್ರ್ಯಾಕ್ಟರ್ ಬಾಡಿಗೆನೂ ಅವರೇ ಕೊಡ್ತಾರಂತ ಅಂದರು.